ನೀತಿ ಆಮೇಲೆ ನೋಡೋಣ, ಮೊದಲು ಕತೆ ಕೊಡಿ

ಹತ್ತು ದಾಟಿದ, ಹದಿನೇಳು ಮುಟ್ಟದ ಮಕ್ಕಳಿರುವ ಮನೆಯವರಲ್ಲಿ, ಅವರಿಗೆ ಪಾಠ ಹೇಳುವ ಮೇಷ್ಟ್ರುಗಳಲ್ಲಿ, ಗ್ರಂಥಾಲಯದ ಬೀಗದ ಕೈ ಇಟ್ಟುಕೊಂಡವರಲ್ಲಿ ನನ್ನದೊಂದು ಬೇಡಿಕೆ ಇದೆ. ಈ ಮಕ್ಕಳ ಕೈಗೆ ಕನ್ನಡದ ಕಾದಂಬರಿ ಕೊಡಿ. ಒಳ್ಳೆಯ ಬುದ್ಧಿ ಬರಲಿ ಎಂದಲ್ಲ, ಅಂಕ ಹೆಚ್ಚಲಿ ಎಂದಲ್ಲ, ಕನ್ನಡ ಉಳಿಯಲಿ ಎಂದೂ ಅಲ್ಲ. ಓದಿ ಖುಷಿಪಡಲಿ ಎಂದು ಕೊಡಿ. ಊಟಕ್ಕೆ ಕರೆದರೆ "ಇದೊಂದು ಅಧ್ಯಾಯ ಮುಗಿಸಿ ಬಂದೆ" ಅನ್ನಿಸುವಂಥ ಪುಸ್ತಕ ಹುಡುಕಿ ಕೊಡಿ.

ಸಣ್ಣವರಿಗೆ ನಮ್ಮಲ್ಲಿ ಶಿಶುಗೀತೆ ಉಂಟು, ಚಿತ್ರದ ಪುಸ್ತಕ ಉಂಟು. ದೊಡ್ಡವರಿಗಂತೂ ಕೊರತೆಯೇ ಇಲ್ಲ. ನಡುವಿನ ಆರೇಳು ವರ್ಷಕ್ಕೆ ನಾವು ಕೊಡುವುದೇನು? ಮಹಾಪುರುಷರ ಕಿರುಚರಿತ್ರೆ, ನೀತಿಕತೆಗಳ ಸಂಗ್ರಹ, ಸಾಮಾನ್ಯ ಜ್ಞಾನದ ಪ್ರಶ್ನೋತ್ತರ. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನವಾಗಿ ಬಂದ ಪುಸ್ತಕಗಳನ್ನು ಒಮ್ಮೆ ಕಪಾಟಿನಿಂದ ತೆಗೆದು ನೋಡಿ. ಎಷ್ಟೋ ಪುಸ್ತಕಗಳ ಬೆನ್ನು ಇನ್ನೂ ಮಡಿಚಿಲ್ಲ. ಮಕ್ಕಳು ಓದುವುದಿಲ್ಲ ಎಂಬ ದೂರು ಹೊರಡುವುದು ಅಂಥ ಮನೆಗಳಿಂದಲೇ.

ಒಂದು ಕಾಲಕ್ಕೆ ಈ ಖಾಲಿ ಜಾಗವನ್ನು 'ಚಂದಮಾಮ' ತುಂಬಿತ್ತು. ಕನ್ನಡದಲ್ಲಿ 1949ರಿಂದ ದಶಕಗಳ ಕಾಲ ಮನೆಮನೆಗೆ ಬಂದ ಆ ಪತ್ರಿಕೆ ಈಗಿಲ್ಲ. ಬಾಡಿಗೆ ಪುಸ್ತಕದ ಅಂಗಡಿಗಳೂ ಬಹುಪಾಲು ಮುಚ್ಚಿವೆ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರನ್ನು ನೆನೆಯಿರಿ. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡುತ್ತಲೇ ಎಷ್ಟೋ ಜನ ಸರಾಗವಾಗಿ ಓದುವುದನ್ನು ಕಲಿತರು. ಅದು ಸಾಹಿತ್ಯವೇ ಅಲ್ಲ ಎಂದು ಮೂಗು ಮುರಿದವರೂ ಇದ್ದರು. ಇರಲಿ. ಮುಂದೆ ಭೈರಪ್ಪ, ಕಾರಂತರ ಕಡೆಗೆ ನಡೆದವರಲ್ಲಿ ಅನೇಕರು ಆ ಹೊಸಿಲು ದಾಟಿ ಬಂದವರೇ.

ಯಾವುದರಿಂದ ಶುರು ಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಸಣ್ಣ ಕಾದಂಬರಿ. ಏಳನೆಯ ಇಯತ್ತೆಯ ಮಗು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು. ಕತೆ ಆರಂಭವಾಗುವುದು ಮೂಡಿಗೆರೆಯ ಜೇನು ಸೊಸೈಟಿಯಲ್ಲಿ, ಜೇನುತುಪ್ಪದ ಮಾತಿನಿಂದ. ಅಲ್ಲಿಂದ ಮಂದಣ್ಣ ಬರುತ್ತಾನೆ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಹುಡುಗ. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಮಾತ್ರ ಕಾಡನ್ನು ಬಲ್ಲ ಅಪರೂಪದ ಪ್ರತಿಭೆ. ಇಷ್ಟು ದೊಡ್ಡ ವಿಜ್ಞಾನಿಗೆ ಈ ಮಂದಣ್ಣನಿಂದ ಆಗಬೇಕಾದ್ದೇನು ಎಂಬ ಪ್ರಶ್ನೆ ಓದುಗನನ್ನು ಪುಟದಿಂದ ಪುಟಕ್ಕೆ ಎಳೆಯುತ್ತದೆ. ನಡುವೆ ಮಂದಣ್ಣನ ಮದುವೆಯ ಗಡಿಬಿಡಿ, ಪೊಲೀಸರ ಕಾಟ, ಕಿವಿ ಎಂಬ ನಾಯಿಯ ಚೇಷ್ಟೆ. ಆಮೇಲೆ ಬಿರಿಯಾನಿ ಕರಿಯಪ್ಪ, ಹಾವು ಹಿಡಿಯುವ ಯಂಗ್ಟ, ಕ್ಯಾಮರಾ ಹೊತ್ತ ಪ್ರಭಾಕರ ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕಿ ಘಟ್ಟದ ಕಾಡಿಗೆ ನುಗ್ಗುತ್ತಾರೆ. ಕೊನೆಯ ಪುಟಗಳಲ್ಲಿ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ನೀವೂ ಮಕ್ಕಳಿಗೆ ಹೇಳಬೇಡಿ. ತರಗತಿಯಲ್ಲಿ ತರಲೆ ಅನ್ನಿಸಿಕೊಂಡ ಹುಡುಗ ಈ ಪುಸ್ತಕ ಓದಿದರೆ ಮಂದಣ್ಣನಲ್ಲಿ ತನ್ನನ್ನೇ ಕಾಣುತ್ತಾನೆ. ಅದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾದಂಬರಿಯಷ್ಟು ಉದ್ದ ಓದಲು ಹಿಂಜರಿಯುವವರಿಗೆ ತೇಜಸ್ವಿಯವರೇ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳಿವೆ. ನರಭಕ್ಷಕ ಹುಲಿಗೆ ಮರದ ಮೇಲೆ ಕಾದು ಕೂತ ರಾತ್ರಿಯ ಕತೆಯನ್ನು ಅರ್ಧಕ್ಕೆ ಮುಚ್ಚಿಡುವುದು ಯಾವ ಮಗುವಿಗೂ ಸುಲಭವಲ್ಲ. ಒಂಬತ್ತು, ಹತ್ತನೆಯ ತರಗತಿಯವರಿಗೆ ತೇಜಸ್ವಿಯವರದೇ 'ಜುಗಾರಿ ಕ್ರಾಸ್' ಕೊಡಿ. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ಎಳೆಯ ದಂಪತಿ, ಹಳೆಯ ಹಸ್ತಪ್ರತಿ, ಕೆಂಪು ಹರಳಿನ ಗುಟ್ಟು, ಬೆನ್ನು ಹತ್ತಿದ ದುಷ್ಟರು, ಎಲ್ಲವೂ ಒಂದೇ ದಿನದ ಓಟದಲ್ಲಿ. ಇತಿಹಾಸದ ಹುಚ್ಚಿರುವ ಮಕ್ಕಳಿಗೆ ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು' ಹೇಳಿ ಮಾಡಿಸಿದ್ದು. ಹೊಯ್ಸಳ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆಯಂಥದ್ದು ಏಕಿದೆ ಎಂಬ ಕುತೂಹಲದಿಂದ ಹೊರಟ ರೋಚಕ ಕತೆ ಅದು. ಓದಿದ ಮಗುವನ್ನು ಮುಂದಿನ ರಜೆಯಲ್ಲಿ ಸೋಮನಾಥಪುರಕ್ಕೆ ಕರೆದೊಯ್ಯಿರಿ. ಪ್ರವಾಸಿ ಗೈಡ್ ತೋರಿಸದ ಕಂಬಗಳನ್ನೂ ಅದು ಸುತ್ತಿ ನೋಡುತ್ತದೆ. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳು ಇನ್ನೂ ಸ್ವಲ್ಪ ದೊಡ್ಡವರಿಗೆ. ಪಿತೂರಿ, ಮುತ್ತಿಗೆ, ನಂಬಿಕೆದ್ರೋಹ ಅಲ್ಲಿ ಬೇಕಾದಷ್ಟಿವೆ.

ಮಕ್ಕಳಿಗೆಂದೇ ಬರೆದ ಕಾದಂಬರಿಗಳೂ ನಮ್ಮಲ್ಲಿವೆ. ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. 2021ರಿಂದ ಸತತ ಮೂರು ವರ್ಷ ಕನ್ನಡದಲ್ಲಿ ಆ ಪುರಸ್ಕಾರ ಬಂದದ್ದು ಕಾದಂಬರಿಗಳಿಗೇ: ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್'. ಇವುಗಳಲ್ಲಿ ಎಷ್ಟು ನಿಮ್ಮೂರಿನ ಅಂಗಡಿಯಲ್ಲಿ ಸಿಗುತ್ತವೆ, ಒಮ್ಮೆ ಕೇಳಿ ನೋಡಿ. ಸಿಗದಿದ್ದರೆ ತರಿಸಲು ಹೇಳಿ. ಗಿರಾಕಿ ಕೇಳದ ಪುಸ್ತಕವನ್ನು ಅಂಗಡಿಯವರು ಮುಂದಿನ ಸಾಲಿನಲ್ಲಿ ಇಡುವುದಿಲ್ಲ.

ಕೊಂಡುಕೊಳ್ಳಲಾಗದ ಮನೆಗಳಿಗೆ ಊರ ಗ್ರಂಥಾಲಯವೇ ಗತಿ. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು 5,000ಕ್ಕೂ ಹೆಚ್ಚಿವೆ. ಅಷ್ಟು ಬಾಗಿಲು ತೆರೆದ ಮೇಲೆ ಒಳಗಿನ ಕಪಾಟಿಗೆ ಬೀಗ ಹಾಕುವುದು ಬೇಡ. ಪುಸ್ತಕ ಕೊಳೆಯಾಗುತ್ತದೆ, ಹರಿಯುತ್ತದೆ ಎಂಬ ಭಯ ನನಗೆ ಅರ್ಥವಾಗುತ್ತದೆ. ಆದರೆ ರಟ್ಟು ಕಿತ್ತು ಟೇಪು ಹಚ್ಚಿಸಿಕೊಂಡ ಪುಸ್ತಕವೇ ಆ ಗ್ರಂಥಾಲಯದ ಹೆಮ್ಮೆ ಆಗಬೇಕು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕದಲ್ಲೇ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ, ಒಂದು ಸಾಲು ಕಾದಂಬರಿ ಜೋಡಿಸಿ.

ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳ ತೊಂದರೆ ಬೇರೆ. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುವ ಮಗು ಪುಸ್ತಕ ಹಿಡಿದರೆ ಒತ್ತಕ್ಷರದಲ್ಲಿ ತಡವರಿಸುತ್ತದೆ. ಕಣ್ಣಿನ ವೇಗ ಸಾಲದೆ ಕತೆಯ ಸ್ವಾರಸ್ಯ ಸೋರಿಹೋಗುತ್ತದೆ. ಇದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ: ಮೊದಲ ಎರಡು ಅಧ್ಯಾಯ ನೀವೇ ಗಟ್ಟಿಯಾಗಿ ಓದಿ. ಮಂದಣ್ಣನ ಮಾತನ್ನು ಮಂದಣ್ಣನ ಧಾಟಿಯಲ್ಲೇ ಓದಿ. ಕುತೂಹಲದ ತುತ್ತತುದಿಯಲ್ಲಿ ನಿಲ್ಲಿಸಿ, ಪುಸ್ತಕವನ್ನು ಅಲ್ಲೇ ಬಿಟ್ಟು ಎದ್ದುಹೋಗಿ. ಮುಂದಿನ ಪುಟವನ್ನು ಮಗು ತಡವರಿಸಿಯಾದರೂ ತಾನೇ ಓದುತ್ತದೆ. ದೂರದ ದೇಶಗಳಲ್ಲಿ ವಾರಾಂತ್ಯಕ್ಕೆ ಕನ್ನಡ ಕಲಿಸುತ್ತಿರುವ ಸ್ನೇಹಿತರಿಗೂ ಇದೇ ಮಾತು. ಕಾಗುಣಿತ ಮುಗಿದ ಮೇಲೆ ಮಕ್ಕಳು ಹೋಗಲು ಒಂದು ಕಾಡು, ಒಂದು ಗುಹೆ ಇರಲಿ.

ಓದಿ ಮುಗಿಸಿದ ಮಗುವನ್ನು "ಇದರಿಂದ ಏನು ಕಲಿತೆ?" ಎಂದು ದಯವಿಟ್ಟು ಕೇಳಬೇಡಿ. ತೇಜಸ್ವಿಯವರ 'ಕೃಷ್ಣೇಗೌಡನ ಆನೆ' ದ್ವಿತೀಯ ಪಿಯುಸಿ ಪಠ್ಯವಾಗಿದೆ. ಊರಿನ ತಪ್ಪನ್ನೆಲ್ಲ ಒಂದು ಆನೆಯ ತಲೆಗೆ ಕಟ್ಟುವ ಆ ಕತೆ ಓದುತ್ತ ಹೊಟ್ಟೆ ಹುಣ್ಣಾಗುವಂತೆ ನಗಬೇಕು. ನಾಲ್ಕು ಅಂಕದ ಪ್ರಶ್ನೆಗೆ ಉತ್ತರ ಉರುಹಚ್ಚುವ ಹುಡುಗಿಗೆ ಆ ನಗು ತಪ್ಪಿಹೋಗುತ್ತದೆ. ಪಾಠ ಮಾಡುವವರು ಒಂದು ತರಗತಿಯನ್ನಾದರೂ ಬರೀ ಓದಿ ನಗುವುದಕ್ಕೆ ಬಿಟ್ಟುಕೊಡಲಿ. ಮನೆಯಲ್ಲಿ ಕೇಳಲೇಬೇಕೆಂದರೆ "ಆಮೇಲೆ ಏನಾಯ್ತು?" ಎಂದು ಕೇಳಿ. ಇಪ್ಪತ್ತು ಪುಟಕ್ಕೆ ಬೇಸರ ಬಂದು ಮಗು ಕೈಬಿಟ್ಟರೆ ಬಯ್ಯದೆ ಇನ್ನೊಂದು ಪುಸ್ತಕ ಕೊಡಿ.

ಬರೆಯುವವರಲ್ಲಿ, ಪ್ರಕಟಿಸುವವರಲ್ಲೂ ಒಂದು ಮಾತು. ನಮ್ಮ ಸಾಹಸದ ಕತೆಗಳಲ್ಲಿ ಕಾಡಿಗೆ ಹೋಗುವವರು, ಗುಟ್ಟು ಒಡೆಯುವವರು ಹೆಚ್ಚಾಗಿ ಗಂಡಸರು. ಹದಿಮೂರರ ಹುಡುಗಿಯೊಬ್ಬಳು ಮುಂದೆ ನಿಂತು ನಡೆಸುವ ಪತ್ತೇದಾರಿ ಬೇಕು. ಬೀದರಿನ ಕೋಟೆಯಲ್ಲಿ, ಕಾರವಾರದ ಬಂದರಿನಲ್ಲಿ, ಬೆಂಗಳೂರಿನ ಮೆಟ್ರೋದಲ್ಲಿ ನಡೆಯುವ ಕತೆಗಳು ಬೇಕು. ಒಂದು ಪುಸ್ತಕ ಮೆಚ್ಚಿದ ಮಗು ತಕ್ಷಣ ಕೇಳುವುದು ಅದರ ಮುಂದಿನ ಭಾಗವನ್ನು. ಒಂದೇ ಪಾತ್ರಗಳನ್ನಿಟ್ಟುಕೊಂಡು ಐದಾರು ಭಾಗ ಬರೆಯಿರಿ, ಅಕ್ಷರ ಸ್ವಲ್ಪ ದೊಡ್ಡದಾಗಿ ಅಚ್ಚು ಹಾಕಿಸಿ, ಬೆಲೆ ಮಕ್ಕಳ ಕೈಖರ್ಚಿಗೆ ಎಟಕುವಂತೆ ಇಡಿ. ಕೊಳ್ಳುವ ಹೊಣೆ ನಮ್ಮದು.