ಕಡಲಾಚೆಯ ದಾನ, ಈಚೆಯ ದಾಸೋಹ



ಪರದೇಶಗಳಲ್ಲಿ ನೆಲೆಸಿರುವ ನಮ್ಮ ಶ್ರೀಮಠದ ಹಳೆಯ ವಿದ್ಯಾರ್ಥಿಗಳು ಕೆಲವರು ಕೂಡಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳ ಏಳ್ಗೆಗಾಗಿ ಒಂದು ಧರ್ಮದತ್ತಿಯನ್ನು ಸ್ಥಾಪಿಸಲು ಸಂಕಲ್ಪಿಸಿರುವ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಆ ಸಂಕಲ್ಪಪತ್ರಕ್ಕೆ ನಮ್ಮ ಆಶೀರ್ವಚನವನ್ನು ಬರೆದುಕೊಡಬೇಕೆಂದು ಅವರು ಕೇಳಿದರು. ನಾವು ಬರೆದುಕೊಡಲಿಲ್ಲ. ಅಂದಿನಿಂದ, ಕೊಡಲು ಬಂದವರ ಕೈಯನ್ನು ಸ್ವಾಮಿಗಳು ತಡೆದರೆಂಬ ಮಾತು ಭಕ್ತರ ಮನೆಗಳಲ್ಲಿ ಆಡಿಕೆಯಾಗಿದೆ. ನಮ್ಮೆದುರಿಗೆ ಬಂದು ಆಡಿದವರೂ ಇದ್ದಾರೆ. ಅವರ ನೇರ ನಡೆ ನಮಗೆ ಸಂತೋಷವನ್ನೇ ತಂದಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಹೇಳುತ್ತೇವೆ.

ಆ ಪತ್ರವನ್ನು ಮೂರು ಸಲ ಓದಿದೆವು. ಮೊದಲನೆಯ ಪುಟದಲ್ಲಿ ಊರ ಬಾಗಿಲಿಗೆ ಕಲ್ಲಿನ ಕಮಾನು. ಎರಡನೆಯದರಲ್ಲಿ ಸಮುದಾಯ ಭವನ, ಅದರ ಗೋಡೆಯ ಮೇಲೆ ದಾನಿಗಳ ತಂದೆತಾಯಿಗಳ ಹೆಸರುಳ್ಳ ಅಮೃತಶಿಲೆಯ ಫಲಕಗಳು. ಕೊನೆಯ ಪುಟದ ಕೆಳಭಾಗದಲ್ಲಿ, ಹಣ ಉಳಿದರೆ ಬಡ ವಿದ್ಯಾರ್ಥಿನಿಯರಿಗೆ ನೆರವು. 'ಹಣ ಉಳಿದರೆ' ಎಂಬ ಆ ಎರಡು ಪದಗಳೇ ನಮ್ಮ ಲೇಖನಿಯನ್ನು ತಡೆದವು.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನಿಲಯದ ಪ್ರಾರ್ಥನಾ ಮಂದಿರದಲ್ಲಿ ಎಷ್ಟು ಸಲ ಕೇಳಿಲ್ಲ ನೀವು! ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಹಿಗ್ಗಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬಾ ಎಂದು ಹಿಂದಕ್ಕೆ ಕಳುಹಿದಳು. ದಿನನಿತ್ಯದ ಆ ಹಿಡಿ ಅಕ್ಕಿಯಲ್ಲಿಯೇ ಶರಣರೆಲ್ಲರಿಗೆ ಉಣಬಡಿಸಿದಳು. ದಾನಕ್ಕೆ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ದಾಸನ ಹೆಸರನ್ನು ಶಿಲೆಯಲ್ಲಿ ಕೆತ್ತುವುದುಂಟೆ?

ಇದು ಶಾಸ್ತ್ರದ ಮಾತಾಯಿತು, ನೆಲದ ಮಾತನ್ನೂ ಆಡೋಣ. ಈ ನಾಲ್ಕು ತಾಲ್ಲೂಕುಗಳ ಬದುಕು ಬಹುಮಟ್ಟಿಗೆ ಎರೆಭೂಮಿ ಮತ್ತು ಮಲಪ್ರಭೆಯನ್ನು ನಂಬಿದೆ. ನವಿಲುತೀರ್ಥದಲ್ಲಿ ಹೊಳೆಗೆ ಅಣೆಕಟ್ಟು ಬಿದ್ದು ರೇಣುಕಾಸಾಗರವಾಯಿತು. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ರಾಮದುರ್ಗದ ಮನೆಗಳೊಳಗೆ ನುಗ್ಗಿತು. ಮಗ್ಗದ ಗುಂಡಿಯಲ್ಲಿ ನೀರು ನಿಂತ ನೇಕಾರನ ಮನೆಯನ್ನು ಕಣ್ಣಾರೆ ಕಂಡವರು ನಾವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರವೇ ಸಾರಿತು. ನಾಲ್ಕೇ ವರ್ಷಗಳ ಅಂತರದಲ್ಲಿ ಒಮ್ಮೆ ನೀರು ಕೊಚ್ಚಿತು, ಒಮ್ಮೆ ನೀರಿಲ್ಲದೆ ಕಡಲೆ ಒಣಗಿತು. ಮಳೆ ಕೈಕೊಟ್ಟರೆ ಗೋವೆಯ ಕಟ್ಟಡ ಕೆಲಸಕ್ಕೆ ಗುಳೆ. ತಾಯಿತಂದೆ ಹೋದ ಮೇಲೆ ಶಾಲೆ ಬಿಟ್ಟು ತಮ್ಮತಂಗಿಯರನ್ನು ನೋಡಿಕೊಳ್ಳುವವಳು ಹಿರಿಯ ಮಗಳು. ಅವಳು ಕಮಾನಿನ ಕೆಳಗೆ ನೀರಿನ ಕೊಡ ಹೊತ್ತು ಹಾದುಹೋದರೆ ಅವಳ ಭಾರ ಇಳಿದೀತೇ?

ಇಂಥ ಕಾರ್ಯಕ್ಕೆ ಮಾದರಿ ಕಡಲಾಚೆಯಿಂದಲೇ ಬರಬೇಕಾಗಿಲ್ಲ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಮೃತ್ಯುಪತ್ರದ ಮೂಲಕ ಬಿಟ್ಟರು. ಕಲಿತವನು ಕಲಿಸುವನೆಂಬ ನಂಬಿಕೆ ಅವರದು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದ ಏಳು ಜನ ಸಪ್ತರ್ಷಿಗಳು ಧನಿಕರಲ್ಲ, ಶಿಕ್ಷಕರು. ಅವರು ಮೊದಲು ಕೊಟ್ಟದ್ದು ತಮ್ಮ ಆಯುಷ್ಯವನ್ನು. ಆ ಸಂಸ್ಥೆ 1933ರಲ್ಲಿ ಕಾಲೇಜು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರಿಟ್ಟಿತು. ಹೆಸರು ಅವರನ್ನು ಹುಡುಕಿಕೊಂಡು ಬಂದಿತು, ಅದೂ ಅವರು ಲಿಂಗೈಕ್ಯರಾಗಿ 27 ವರ್ಷಗಳಾದ ಮೇಲೆ.

ದೂರ ಹೋದವರಿಂದ ಏನೂ ಆಗದೆಂಬ ವಾದವೂ ನಮ್ಮದಲ್ಲ. ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆ ದಂಪತಿಗಳು 1996ರಲ್ಲಿ ಅಮೆರಿಕದಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ, ಸುಮಾರು ಒಂದು ದಶಕದ ತರುವಾಯ ಹುಬ್ಬಳ್ಳಿಯಲ್ಲಿಯೇ ಅದರ ಕಾರ್ಯಕ್ಷೇತ್ರವನ್ನು ತೆರೆದರು. ನವಲಗುಂದದ ಕಡೆಯ ಎರೆಹೊಲಗಳಲ್ಲಿ ಕಾಣುವ ಕೃಷಿಹೊಂಡಗಳಲ್ಲಿ ಆ ಪ್ರತಿಷ್ಠಾನದ ಕೈಯೂ ಇದೆ. ಹೊಂಡಕ್ಕೆ ರೈತನೂ ಪಾಲು ಹಾಕುತ್ತಾನೆಂಬುದೇ ನಮಗೆ ಅಲ್ಲಿ ಮೆಚ್ಚುಗೆಯಾದ ಅಂಶ. ಪಾಲು ಹಾಕಿದವನು ಹೂಳು ತೆಗೆಯುತ್ತಾನೆ. ಪುಕ್ಕಟೆ ಬಂದದ್ದರ ಹೂಳು ಯಾರು ತೆಗೆಯಬೇಕು?

ಈ ಪಾಠವನ್ನು ನಾವು ಪರರ ತಪ್ಪಿನಿಂದ ಕಲಿತವರಲ್ಲ, ನಮ್ಮ ತಪ್ಪಿನಿಂದಲೇ ಕಲಿತೆವು. ಹಲವು ವರ್ಷಗಳ ಹಿಂದೆ ಹೊರದೇಶದ ಭಕ್ತರೊಬ್ಬರು ನಮ್ಮ ಪ್ರೌಢಶಾಲೆಗೆ ಗಣಕಯಂತ್ರಗಳನ್ನು ಕೊಡಿಸಿದರು. ಬ್ಯಾಂಡು ಬಾಜಾ, ಶಾಲು, ಭಾವಚಿತ್ರ ಎಲ್ಲ ಆಯಿತು. ಕಲಿಸುವ ಶಿಕ್ಷಕನ ಸಂಬಳವನ್ನು ಯಾರೂ ಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ಯಂತ್ರಗಳು ಬಟ್ಟೆಯ ಮುಸುಕಿನಡಿ ಮುದಿಯಾದವು. ದಾನಿಗಳ ಮನಸ್ಸು ನೋಯಬಾರದೆಂದು ಅಂದು ಬಾಯಿ ಮುಚ್ಚಿಕೊಂಡ ತಪ್ಪು ನಮ್ಮದೇ. ಎರಡನೆಯ ಸಲ ಅದನ್ನು ಮಾಡಲು ಸಿದ್ಧರಿಲ್ಲ.

ಇನ್ನು ಕಾಯಿದೆಯ ಮಾತು. ಪದವೀಧರರಾದ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದನ್ನು ಲಘುವಾಗಿ ಕಾಣುತ್ತಿದ್ದಾರೆ. ಭಾರತದ ಪೌರತ್ವವನ್ನು ಉಳಿಸಿಕೊಂಡವನು ತನ್ನ ಗಳಿಕೆಯನ್ನು ಬ್ಯಾಂಕಿನ ಮೂಲಕ ಕಳುಹಿದರೆ ಅದು ವಿದೇಶಿ ದೇಣಿಗೆಯಲ್ಲ. ಪರದೇಶದ ಪೌರನಾದವನು ಬೈಲಹೊಂಗಲದಲ್ಲಿಯೇ ಹುಟ್ಟಿದ್ದರೂ ಅವನ ಹಣ ವಿದೇಶಿ ದೇಣಿಗೆಯೇ. ಅದನ್ನು ಪಡೆಯುವ ಸಂಸ್ಥೆಗೆ ಕೇಂದ್ರ ಸರಕಾರದ ನೋಂದಣಿ ಬೇಕು. 2020ರ ತಿದ್ದುಪಡಿಯ ತರುವಾಯ, ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20ನ್ನು ಮೀರುವಂತಿಲ್ಲ. ಆದ್ದರಿಂದ, ಹಣ ಮಠದ ಹೆಸರಿಗೆ ಬರಲಿ, ಆಮೇಲೆ ಊರೂರಿನ ಸಂಘಗಳಿಗೆ ಹಂಚಿದರಾಯಿತು ಎಂಬ ಸಲಹೆಯನ್ನು ದಯವಿಟ್ಟು ಮತ್ತೆ ತರಬೇಡಿರಿ. ಮಠವು ಯಾರ ಹಣಕ್ಕೂ ಕಾಲುವೆಯಾಗದು.

ಇಷ್ಟು ಹೊತ್ತು ಕಡಲಾಚೆಯವರನ್ನು ಕುರಿತು ಮಾತನಾಡಿದೆವು. ನಮ್ಮ ಸಿಟ್ಟು ನಿಜವಾಗಿ ಇರುವುದು ಕಡಲೀಚೆಯವರ ಮೇಲೆ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಅಧಿಕಾರಿಗಳಾಗಿ, ವೈದ್ಯರಾಗಿ, ವರ್ತಕರಾಗಿ ಇರುವ ನೀವೂ ಇದೇ ಪ್ರಸಾದನಿಲಯದ ರೊಟ್ಟಿಯನ್ನುಂಡವರಲ್ಲವೆ? ನಿಮಗಾಗಿ ಹಿಂದಿನ ಪೂಜ್ಯರು ಜೋಳಿಗೆ ಹಿಡಿದು ಓಣಿಯೋಣಿ ತಿರುಗಿದರು. ಜೋಳ ನೀಡಿದ ತಾಯಂದಿರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಮರುದಿನದ ಹಿಟ್ಟಿರಲಿಲ್ಲ. ಅಂಥ ಋಣವನ್ನು ಹೊತ್ತ ನೀವು, ಅಮೆರಿಕದವರು ಕೊಡುತ್ತಾರಂತೆ ಎಂದು ಕೈಕಟ್ಟಿ ನಿಂತಿರುವುದು ನಮಗೆ ಅರ್ಥವಾಗದ ಸಂಗತಿ. 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಬಸವೇಶ್ವರರ ಪ್ರತಿಮೆ ಅನಾವರಣಗೊಂಡಾಗ ನೀವು ಹಂಚಿದ ಪೇಡೆಯನ್ನು ನಾವೂ ಪ್ರಸಾದವೆಂದು ಸ್ವೀಕರಿಸಿದೆವು. ಆದರೆ ಆ ವರ್ಷ ನಮ್ಮ ನಿಲಯದ ದಾಸೋಹದ ಲೆಕ್ಕಪುಸ್ತಕದಲ್ಲಿ ಹೊಸ ಹೆಸರು ಒಂದೂ ಸೇರಲಿಲ್ಲ.

ಪರದೇಶದ ಮಿತ್ರರಿಗೆ ನಾವು ಉತ್ತರ ಬರೆದಿದ್ದೇವೆ. ಕಮಾನು, ಫಲಕಗಳನ್ನು ಕೈಬಿಡಲಿ. ಒಂದೇ ಸಲದ ದೊಡ್ಡ ಮೊತ್ತಕ್ಕಿಂತ ಹತ್ತು ವರ್ಷ ತಪ್ಪದ ಸಣ್ಣ ಮೊತ್ತ ನಮಗೆ ಬೇಕು. ಗುಳೆ ಹೋದವರ ಹೆಣ್ಣುಮಕ್ಕಳು ಉಳಿದು ಓದಲು ನಿಲಯ, ಅವರಿಗೆ ಗಣಿತ, ಇಂಗ್ಲಿಷು ಕಲಿಸುವ ಇಬ್ಬರು ಶಿಕ್ಷಕಿಯರ ಸಂಬಳ. ಕಟ್ಟಡ ಹುಡುಕಬೇಕಾಗಿಲ್ಲ, ಮಠದ ಹಳೆಯ ಉಗ್ರಾಣವನ್ನು ತೆರವು ಮಾಡಿಕೊಡುತ್ತೇವೆ. ಯಾವ ಊರಿನ ಮಕ್ಕಳು ಬರುವರೋ ಆ ಊರು ಸುಗ್ಗಿಯಲ್ಲಿ ಜೋಳದ ಪಾಲು ಕೊಡಬೇಕು. ಆಡಳಿತ ಮಂಡಳಿಯಲ್ಲಿ ಅರ್ಧದಷ್ಟು ಜನ ಈ ನಾಲ್ಕು ತಾಲ್ಲೂಕುಗಳಲ್ಲಿ ವಾಸವಾಗಿರುವವರೇ ಇರಬೇಕು, ಅವರಲ್ಲಿ ತಾಯಂದಿರೂ ಇರಬೇಕು. ಲೆಕ್ಕವನ್ನು ವರ್ಷಕ್ಕೊಮ್ಮೆ ಜಾತ್ರೆಯ ಸಭೆಯಲ್ಲಿ ಕನ್ನಡದಲ್ಲಿ ಓದಬೇಕು. ಜಾತಿ ಕೇಳಿ ಸೇರಿಸಿಕೊಳ್ಳುವ ನಿಲಯವಾದರೆ ಅದಕ್ಕೆ ನಮ್ಮ ಉಗ್ರಾಣವಿಲ್ಲ.

ಅವರ ಉತ್ತರ ಇನ್ನೂ ಬಂದಿಲ್ಲ. ಬಂದೊಡನೆ, ಒಪ್ಪಿದ್ದರೂ ಒಪ್ಪದಿದ್ದರೂ, ಈ ಪತ್ರಿಕೆಯಲ್ಲಿ ಅಕ್ಷರಶಃ ಅಚ್ಚು ಮಾಡಿಸುತ್ತೇವೆ. ಅಷ್ಟರವರೆಗೆ ಉಗ್ರಾಣದ ಹಂಚು ಸರಿಪಡಿಸುವ ಕೆಲಸ ನಿಲ್ಲುವುದಿಲ್ಲ. ಬರುವ ಅಮಾವಾಸ್ಯೆಯಂದು ಬೈಲಹೊಂಗಲದ ಭಕ್ತರು ಹಾರೆ ಬುಟ್ಟಿಗಳೊಂದಿಗೆ ಬರಲೊಪ್ಪಿದ್ದಾರೆ. ಉಳಿದ ಮೂರು ತಾಲ್ಲೂಕುಗಳವರು ತಮ್ಮ ದಿನವನ್ನು ಮಠದ ಕಾರ್ಯಾಲಯಕ್ಕೆ ತಿಳಿಸಿರಿ.