ಹೆಸರಿಲ್ಲದ ಎಣಿಕೆ

ಊರಿನ ಜನರನ್ನು ಎಣಿಸುವುದು ಸುಲಭ. ಜನರು ಬಚ್ಚಿಟ್ಟುಕೊಂಡ ರೋಗವನ್ನು ಎಣಿಸುವುದು ಕಠಿನ. ಗುಹ್ಯರೋಗಗಳ ವಿಷಯದಲ್ಲಿ ಈ ಕಷ್ಟ ಹಳೆಯದು. ಎಚ್‌ಐವಿ ಬಂದ ಮೇಲೆ ಅದು ಇಮ್ಮಡಿಸಿತು. 1986ರಲ್ಲಿ ಮದರಾಸಿನಲ್ಲಿ ಈ ಸೋಂಕು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಮುಂದೆ ಕರ್ನಾಟಕವು ಸೋಂಕು ಹೆಚ್ಚಾಗಿರುವ ಆರು ರಾಜ್ಯಗಳ ಸಾಲಿಗೆ ಸೇರಿತು.

ಈ ಸಂಗತಿ ತಿಳಿದುಬಂದ ಬಗೆ ಗಮನಾರ್ಹವಾದುದು. 1998ರಿಂದ ದೇಶದ ಗೊತ್ತಾದ ಆಸ್ಪತ್ರೆಗಳಲ್ಲಿ, ಗೊತ್ತಾದ ತಿಂಗಳುಗಳಲ್ಲಿ, ತಪಾಸಣೆಗೆ ಬಂದ ಗರ್ಭಿಣಿಯರ ರಕ್ತದ ಮಾದರಿಗಳನ್ನು ಕೇಂದ್ರವೊಂದಕ್ಕೆ 400ರಂತೆ ಪರೀಕ್ಷಿಸುವ ಪದ್ಧತಿ ಬೆಳೆಯಿತು. ಸಿಫಿಲಿಸ್ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಉಳಿದುದನ್ನು, ಹೆಸರು ಅಳಿಸಿ, ಇದಕ್ಕೆ ಬಳಸಿದರು. ಯಾರಿಗೆ ಸೋಂಕಿದೆಯೆಂದು ಅರಿಯುವುದು ಇದರ ಉದ್ದೇಶವಲ್ಲ. ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅರಿಯುವುದೇ ಉದ್ದೇಶ.

ಆದರೆ ಅಂಕಿಯೂ ನಮ್ಮನ್ನು ದಾರಿತಪ್ಪಿಸಬಲ್ಲುದು. ದೇಶದಲ್ಲಿ ಸುಮಾರು 52 ಲಕ್ಷ ಸೋಂಕಿತರಿದ್ದಾರೆಂಬ ಅಂದಾಜು 2007ರಲ್ಲಿ ಸುಮಾರು 25 ಲಕ್ಷಕ್ಕೆ ಇಳಿಯಿತು. ರೋಗ ಒಮ್ಮೆಲೇ ಅರ್ಧವಾಗಲಿಲ್ಲ; ಅಳೆಯುವ ಕೋಲು ಉತ್ತಮವಾಯಿತು. 2005–06ರ ಕುಟುಂಬ ಆರೋಗ್ಯ ಸಮೀಕ್ಷೆ ಮನೆಮನೆಗೆ ಹೋಗಿ ಲಕ್ಷಕ್ಕೂ ಮಿಕ್ಕ ಜನರ ರಕ್ತವನ್ನು ಪರೀಕ್ಷಿಸಿತ್ತು. ಅದರ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇಕಡಾ 0.69. ಆದರೆ 2003ರಲ್ಲಿ ಬಾಗಲಕೋಟೆ ಜಿಲ್ಲೆಯೊಂದರಲ್ಲೇ ನಡೆದ ಸಮೀಕ್ಷೆಯಲ್ಲಿ ಅದು ಶೇಕಡಾ 3ರ ಸಮೀಪದಲ್ಲಿತ್ತು. ರಾಜ್ಯದ ಸರಾಸರಿಯನ್ನು ಮಾತ್ರ ನೋಡಿದವರಿಗೆ ಬಾಗಲಕೋಟೆಯ ನೋವು ಕಾಣದು.

ಇನ್ನೊಂದು ತೊಡಕೂ ಉಂಟು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಔಷಧಿಯನ್ನು ಆರಂಭಿಸಿದ ಮೇಲೆ ಸೋಂಕಿತರು ದೀರ್ಘಕಾಲ ಬದುಕುವಂತಾಯಿತು. ಆದುದರಿಂದ ಸೋಂಕಿನೊಡನೆ ಬದುಕುತ್ತಿರುವವರ ಸಂಖ್ಯೆ ಇಳಿಯದಿದ್ದರೆ ಅದನ್ನು ಸೋಲೆಂದು ಬಗೆಯಬಾರದು. ಹೊಸದಾಗಿ ಸೋಂಕು ತಗುಲಿದವರೆಷ್ಟು ಎಂದು ಬೇರೆಯಾಗಿ ಕೇಳಬೇಕು. ಹಾಗೆಯೇ ಅಂಕಿ ಇಳಿದಾಗ ಅದು ರೋಗದ ಇಳಿಕೆಯೋ, ಪರೀಕ್ಷೆಗೆ ಬರುವವರ ಇಳಿಕೆಯೋ ಎಂದೂ ವಿಚಾರಿಸಬೇಕು.

ಈ ಕೊನೆಯ ಪ್ರಶ್ನೆಗೆ ಉತ್ತರ ಪ್ರಯೋಗಶಾಲೆಯಲ್ಲಿಲ್ಲ, ನಮ್ಮ ಹಳ್ಳಿಗಳಲ್ಲಿದೆ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯ ಮೊಸಳೆಯಂಥ ಯಾವ ಊರನ್ನಾದರೂ ತೆಗೆದುಕೊಳ್ಳಿ. ಯಾರು ಆಸ್ಪತ್ರೆಗೆ ಹೋದರು, ಏಕೆ ಹೋದರು ಎಂಬುದು ಸಂಜೆಯೊಳಗೆ ಜಗಲಿಯ ಮಾತಾಗುವುದುಂಟು. ಗುಟ್ಟು ನಿಲ್ಲದೆಂಬ ಭಯವಿದ್ದಲ್ಲಿ ಜನರು ಪರೀಕ್ಷೆಗೆ ಬಾರರು. ಬಾರದವರು ಲೆಕ್ಕಕ್ಕೂ ಸಿಕ್ಕರು, ಔಷಧಿಗೂ ಸಿಕ್ಕರು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಕಾಯಿದೆ, ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಸೋಂಕಿತರ ಗುಟ್ಟನ್ನು ಹೊರಗೆಡಹುವುದನ್ನೂ ಸಾಮಾನ್ಯವಾಗಿ ನಿಷೇಧಿಸಿದೆ. ಆದರೆ ಕಾಯಿದೆಯ ಕೈ ಜಗಲಿಯವರೆಗೆ ಚಾಚದು.

ಅಲ್ಲಿ ಕಾವಲು ಕಾಯಬೇಕಾದುದು ನಮ್ಮ ನಾಲಿಗೆ. ನೆರೆಯವನ ಹೆಸರನ್ನು ಕಾಪಾಡಬಲ್ಲ ಸಮಾಜಕ್ಕೆ ಮಾತ್ರ ತನ್ನ ರೋಗದ ನಿಜವಾದ ಲೆಕ್ಕ ದೊರೆತೀತು.