ಮೊದಲ ಗೆಲುವಿಗೆ ತೂಕ ಎಷ್ಟು?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ವರ ತಂಡಕ್ಕೆ ಒಂದು ಹ್ಯಾಕಥಾನ್‌ನಲ್ಲಿ ಎರಡನೇ ಬಹುಮಾನ ಬಂತು. 24 ಗಂಟೆ ನಿದ್ದೆಗೆಟ್ಟು ಮಾಡಿದ ಆ್ಯಪ್. ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ ಹಿಡಿದು ಫೋಟೊ ತೆಗೆಸಿಕೊಂಡೆವು, ಲಿಂಕ್ಡ್‌ಇನ್‌ಗೆ ಹಾಕಿದೆವು. ಅಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್ ಇಟ್ಟರು. ಆ ಆ್ಯಪ್ ಈಗ ಯಾರ ಫೋನಿನಲ್ಲೂ ಇಲ್ಲ. ನಮ್ಮ ಫೋನಿನಲ್ಲೂ ಇಲ್ಲ.

ಅದೇ ಹೊತ್ತಿಗೆ ನಮ್ಮ ಕ್ಲಾಸಿನ ಒಬ್ಬ ಗೆಳೆಯ, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವನು, ತನ್ನ ಊರಿನ ಅಡಿಕೆ ಮಂಡಿಯೊಂದಕ್ಕೆ ಸಣ್ಣ ಸಾಫ್ಟ್‌ವೇರ್ ಬರೆದುಕೊಟ್ಟ. ತೂಕ, ಕಮಿಷನ್, ಬೆಳೆಗಾರರಿಗೆ ಕೊಟ್ಟ ಮುಂಗಡ, ಇಷ್ಟರ ಲೆಕ್ಕ ಇಡುವುದು ಅದರ ಕೆಲಸ. ಸಿಕ್ಕಿದ್ದು 3,000 ರೂಪಾಯಿ. ಫೋಟೊ ಇಲ್ಲ, ಸರ್ಟಿಫಿಕೇಟ್ ಇಲ್ಲ. ಆದರೆ ಮಂಡಿಯ ಸಾಹುಕಾರರು ಪಕ್ಕದ ಇಬ್ಬರಿಗೆ ಹೇಳಿದರು, ಆ ಇಬ್ಬರು ಇನ್ನಿಬ್ಬರಿಗೆ. ಈಗ ಅವನಿಗೆ ಐದು ಗಿರಾಕಿಗಳು. ಪ್ರತಿ ವಾರ ಯಾರಾದರೂ ಫೋನ್ ಮಾಡಿ ಬೈಯುತ್ತಾರಂತೆ, ‘ಆ ಕಾಲಂ ಯಾಕೋ ತಪ್ಪು ತೋರಿಸ್ತಿದೆ ಮಾರಾಯ’ ಎಂದು.

ನಮ್ಮದೂ ಗೆಲುವು, ಅವನದೂ ಗೆಲುವು. ಒಂದು ಅಲ್ಲೇ ನಿಂತಿತು, ಇನ್ನೊಂದು ಉರುಳುತ್ತಲೇ ಇದೆ. ಯಾಕೆ ಹೀಗೆ ಎಂದು ಕೆಲವು ತಿಂಗಳಿಂದ ಯೋಚಿಸುತ್ತಿದ್ದೇನೆ.

ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇವೆ: ಸಂವೇಗ ಎಂದರೆ ವಸ್ತುವಿನ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ. ಉದ್ಯಮದ ಬಗ್ಗೆ ಭಾಷಣ ಮಾಡುವವರೆಲ್ಲ ವೇಗದ ಮಾತನ್ನೇ ಆಡುತ್ತಾರೆ. ಬೇಗ ಶುರು ಮಾಡಿ, ಬೇಗ ಗೆಲ್ಲಿ, ಒಂದು ಗೆಲುವು ಇನ್ನೊಂದನ್ನು ತರುತ್ತದೆ ಎನ್ನುತ್ತಾರೆ. ಆ ಗೆಲುವಿಗೆ ತೂಕ ಇತ್ತೇ ಎಂದು ಕೇಳುವವರು ಕಡಿಮೆ. (ದ್ರವ್ಯರಾಶಿಯನ್ನು ತೂಕ ಎನ್ನುತ್ತಿರುವುದಕ್ಕೆ ನಮ್ಮ ಫಿಸಿಕ್ಸ್ ಮೇಷ್ಟ್ರು ಕ್ಷಮಿಸಲಿ.)

ಬೆಂಗಳೂರಿನ ಬಯೋಕಾನ್ ಕಥೆಯನ್ನೇ ನೋಡಿ. ಕಿರಣ್ ಮಜುಂದಾರ್ 1975ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದವರು. ಹೆಣ್ಣುಮಗಳು ಎಂಬ ಕಾರಣಕ್ಕೆ ಇಲ್ಲಿನ ಬ್ರೂವರಿಗಳಲ್ಲಿ ಅವರಿಗೆ ಆ ಕೆಲಸ ಸಿಗಲಿಲ್ಲ. 1978ರಲ್ಲಿ, 25ನೇ ವಯಸ್ಸಿಗೆ, ಐರ್ಲೆಂಡ್‌ನ ಕಂಪನಿಯೊಂದರ ಜೊತೆ ಸೇರಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರು ಮಾಡಿದರು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು: ಚಿಕ್ಕ ವಯಸ್ಸು, ಮಹಿಳೆ, ಅಡಮಾನಕ್ಕೆ ಆಸ್ತಿಯಿಲ್ಲ, ಮಾಡುವ ಉದ್ಯಮದ ಹೆಸರನ್ನೇ ಯಾರೂ ಕೇಳಿಲ್ಲ. ಮೊದಲ ಉತ್ಪನ್ನಗಳೂ ದೊಡ್ಡವೇನಲ್ಲ. ಒಂದು ಪಪ್ಪಾಯಿಯಿಂದ ತೆಗೆದ ಪಪೈನ್ ಎಂಬ ಕಿಣ್ವ, ಇನ್ನೊಂದು ಬಿಯರ್ ತಿಳಿಯಾಗಿಸಲು ಬಳಸುವ, ಮೀನಿನಿಂದ ತೆಗೆಯುವ ಪದಾರ್ಥ.

ಆದರೆ ಒಂದು ವರ್ಷದೊಳಗೆ ಅವರು ಅಮೆರಿಕ ಮತ್ತು ಯುರೋಪಿಗೆ ಕಿಣ್ವ ರಫ್ತು ಮಾಡಿದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ತೂಕ ಇರುವುದು ಇಲ್ಲೇ. ವಿದೇಶದ ಗಿರಾಕಿ ಒಪ್ಪಿ ಹಣ ಕೊಟ್ಟ ಮೇಲೆ ಬ್ಯಾಂಕಿನವರ ಎದುರು ವಯಸ್ಸಿನ ಲೆಕ್ಕ ಹೇಳಬೇಕಿಲ್ಲ, ರಫ್ತಿನ ಲೆಕ್ಕ ತೋರಿಸಬಹುದು. ಅದಕ್ಕಿಂತ ಮುಖ್ಯವಾದದ್ದು ಕೈಗೆ ಹತ್ತಿದ ವಿದ್ಯೆ. ಸೂಕ್ಷ್ಮಜೀವಿಗಳನ್ನು ಹದವಾಗಿ ಬೆಳೆಸಿ ಬೇಕಾದ ಪದಾರ್ಥ ತೆಗೆಯುವುದು, ಅಂದರೆ ನಮ್ಮ ಮನೆಗಳಲ್ಲಿ ದೋಸೆ ಹಿಟ್ಟು ಹುಳಿ ಬರಿಸುವ ಕೆಲಸದ ದೊಡ್ಡಣ್ಣ. ಬಿಯರ್‌ನಲ್ಲಿ ಕಲಿತದ್ದು ಕಿಣ್ವಕ್ಕೆ ಬಂತು. ಕಿಣ್ವದಲ್ಲಿ ಪಳಗಿದ್ದು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಔಷಧಿಗೆ ಬಂತು. 2004ರ ಹೊತ್ತಿಗೆ ಯೀಸ್ಟ್ ಬಳಸಿ ಇನ್ಸುಲಿನ್ ತಯಾರಿಸುವ ಮಟ್ಟಕ್ಕೆ ಕಂಪನಿ ಮುಟ್ಟಿತ್ತು. ಅದೇ ವರ್ಷ ಷೇರುಪೇಟೆಗೆ ಬಂದ ಮೊದಲ ದಿನವೇ ಅದರ ಮೌಲ್ಯ 100 ಕೋಟಿ ಡಾಲರ್ ದಾಟಿತು. ಪಪ್ಪಾಯಿಗೂ ಇನ್ಸುಲಿನ್‌ಗೂ ನಡುವೆ 26 ವರ್ಷ. ನಮ್ಮ ಮೋಟಿವೇಷನ್ ರೀಲ್‌ಗಳಲ್ಲಿ ಈ 26 ವರ್ಷ 26 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

ಇತ್ತೀಚಿನ ಉದಾಹರಣೆ ಬೇಕೆಂದರೆ ಫೋನ್‌ಪೇ. ಸಮೀರ್ ನಿಗಮ್ ಮತ್ತು ಸಂಗಡಿಗರು ಮೊದಲು ಕಟ್ಟಿದ್ದು ಮೈಮ್360 ಎಂಬ ಕಂಪನಿ. ಹೆಚ್ಚಿನವರು ಅದರ ಹೆಸರನ್ನೂ ಕೇಳಿರಲಿಕ್ಕಿಲ್ಲ. 2011ರಲ್ಲಿ ಫ್ಲಿಪ್‌ಕಾರ್ಟ್ ಅದನ್ನು ಕೊಂಡಿತು, ಇವರೂ ಜೊತೆಗೆ ಬಂದರು. ಅಲ್ಲಿ ಕೆಲಸ ಮಾಡಿ 2015ರಲ್ಲಿ ಹೊರಬಂದು ಫೋನ್‌ಪೇ ಶುರು ಮಾಡಿದರು. ಮರುವರ್ಷವೇ ಅದನ್ನೂ ಫ್ಲಿಪ್‌ಕಾರ್ಟ್ ಕೊಂಡಿತು. ತಮ್ಮನ್ನು ಹತ್ತಿರದಿಂದ ನೋಡಿದವರ ನಂಬಿಕೆ ಎರಡನೇ ಸಲ ಬೇಗ ಸಿಕ್ಕಿತು. ಇವತ್ತು ಬೀದಿ ಬದಿಯ ಎಳನೀರು ಗಾಡಿಯಲ್ಲೂ ಅವರ ಸ್ಕ್ಯಾನರ್ ಇದೆ.

ಆದರೆ ವೇಗ ಕಳ್ಳ. ಬೈಜೂಸ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೆಳೆಯರಿಗೆ ಕ್ಯಾಟ್ ಪರೀಕ್ಷೆಗೆ ಹೇಳಿಕೊಡುವುದರಿಂದ ಆರಂಭವಾಗಿ, ಸ್ಟೇಡಿಯಂ ತುಂಬ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಪಾಠ ಮಾಡಿದ ಮೇಷ್ಟ್ರು ಅವರು. ಆ ಗೆಲುವಿಗೆ ತೂಕ ಇರಲಿಲ್ಲ ಎಂದು ಯಾರೂ ಹೇಳಲಾರರು. ಆಮೇಲೆ ಹೂಡಿಕೆಯ ಹಣ ಹರಿದುಬಂತು, ಕಂಪನಿಗಳ ಮೇಲೆ ಕಂಪನಿಗಳನ್ನು ಕೊಂಡರು, 2022ರಲ್ಲಿ ಮೌಲ್ಯ 2,200 ಕೋಟಿ ಡಾಲರ್ ಎಂದಾಯಿತು. 2024ರ ಜುಲೈನಲ್ಲಿ ಅದೇ ಕಂಪನಿ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಪಾಠ ಚೆನ್ನಾಗಿದೆ ಎಂದು ಮಕ್ಕಳು ಬಂದದ್ದು ಒಂದು ಬಗೆಯ ಗೆಲುವು. ಹೂಡಿಕೆದಾರರು ಬಂದದ್ದನ್ನೂ ಅದೇ ಬಗೆಯ ಗೆಲುವೆಂದು ಎಣಿಸಿದ್ದು ಎಡವಟ್ಟು ಅನ್ನಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಆ ಮೊದಲ ತಳ್ಳು ಸಿಗುವುದು ಯಾರಿಗೆ?

ಸಮಾಜಶಾಸ್ತ್ರಜ್ಞ ಅರ್ನೌಟ್ ವಾನ್ ಡ ರೈಟ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಹೊಸ ಯೋಜನೆಗಳಿಗೆ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ, ಇನ್ನೂ ಒಂದು ಪೈಸೆಯೂ ಸಿಗದ 200 ಯೋಜನೆಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅವುಗಳಲ್ಲಿ 100ಕ್ಕೆ ಮಾತ್ರ ಸ್ವಲ್ಪ ಹಣ ಹಾಕಿದರು. ಗುಣ ನೋಡಿ ಹಾಕಿದ್ದಲ್ಲ. ಮುಂದೆ ಏನಾಯಿತು? ಹಣ ಪಡೆದವುಗಳಲ್ಲಿ ಶೇ 70ರಷ್ಟಕ್ಕೆ ಬೇರೆಯವರೂ ಹಣ ಕೊಟ್ಟರು. ಪಡೆಯದವುಗಳಲ್ಲಿ ಆ ಭಾಗ್ಯ ಶೇ 39ಕ್ಕೆ ಮಾತ್ರ. ಅಂದರೆ ಮೊದಲ ಗೆಲುವು ಪ್ರತಿಭೆಗೇ ಸಿಕ್ಕಿದ್ದಾಗಿರಬೇಕಿಲ್ಲ, ಸುಮ್ಮನೆ ಅದೃಷ್ಟಕ್ಕೆ ಸಿಕ್ಕಿದ್ದೂ ಮುಂದಕ್ಕೆ ಒಯ್ಯುತ್ತದೆ. ಇದನ್ನು ಓದಿದ ದಿನ ನನಗೆ ಸ್ವಲ್ಪ ಸಿಟ್ಟೇ ಬಂತು. ಪ್ಲೇಸ್‌ಮೆಂಟ್‌ಗೆ ಬಂದವರ ಮುಂದೆ ಇಂಗ್ಲಿಷ್‌ನಲ್ಲಿ ತಡವರಿಸುವ, ಮೊದಲ ವರ್ಷ ಲ್ಯಾಪ್‌ಟಾಪ್ ಇಲ್ಲದೆ ಕಳೆದ ಎಷ್ಟೋ ಜನ ಆ ಶೇ 39ರ ಕಡೆಯೇ ನಿಂತಿದ್ದಾರೆ. ಅವರಲ್ಲಿ ಕೊರತೆಯಿದೆ ಎಂದು ನಾವು ಆರಾಮಾಗಿ ತೀರ್ಮಾನ ಮಾಡಿಬಿಡುತ್ತೇವೆ.

ಅದೇ ಪ್ರಯೋಗದಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಮೊದಲ ತಳ್ಳು ದೊಡ್ಡದಾದಷ್ಟೂ ಫಲ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಸಣ್ಣದೇ ಬಹುಪಾಲು ಕೆಲಸ ಮಾಡಿತು. ಇದು ನಿಜವಾದರೆ ನಮ್ಮ ಕಾಲೇಜುಗಳು ಹಣ ಹಂಚುವ ರೀತಿಯೇ ತಲೆಕೆಳಗು. ಟೆಕ್ ಫೆಸ್ಟ್‌ನಲ್ಲಿ ಒಂದೇ ತಂಡಕ್ಕೆ ಒಂದು ಲಕ್ಷ ಕೊಡುವ ಬದಲು ಹತ್ತು ತಂಡಗಳಿಗೆ ಹತ್ತತ್ತು ಸಾವಿರ ಕೊಟ್ಟು, ‘ಮೂರು ತಿಂಗಳಲ್ಲಿ ಹಣ ಕೊಟ್ಟು ಕೊಳ್ಳುವ ಒಬ್ಬ ಗಿರಾಕಿಯನ್ನು ಕರೆದುಕೊಂಡು ಬನ್ನಿ’ ಎನ್ನಬಾರದೇಕೆ? ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ಆಯ್ದ ಸ್ಟಾರ್ಟ್‌ಅಪ್‌ಗಳಿಗೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ. ಒಳ್ಳೆಯದೇ, ಆದರೆ ಆ ಮೆಟ್ಟಿಲು ನಮ್ಮಂಥವರಿಗೆ ಎತ್ತರ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಸಣ್ಣ ಮೊತ್ತದ ನೆರವು ಕೊಡುತ್ತಾ ಬಂದಿದೆ. ಸದ್ದಿಲ್ಲದ ಇಂಥ ಯೋಜನೆಯೇ ನನಗೆ ಹೆಚ್ಚು ಬುದ್ಧಿವಂತಿಕೆಯದು ಎನಿಸುತ್ತದೆ. ನಮ್ಮ ಕ್ಲಾಸಿನಲ್ಲಿ ಕೇಳಿದಾಗ ಮೂವರಿಗೆ ಮಾತ್ರ ಅದು ಗೊತ್ತಿತ್ತು.

ಇನ್ನು ‘ಬೇಗ’ ಎಂಬ ಮಾತಿನ ಬಗ್ಗೆ. ಅಮೆರಿಕದ ಕಂಪನಿಗಳ ಮೇಲೆ ಪಿಯರ್ ಅಜೌಲೆ ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ಪ್ರಕಾರ, ಅತಿ ವೇಗವಾಗಿ ಬೆಳೆದ, ಸಾವಿರಕ್ಕೆ ಒಂದರಂಥ ಹೊಸ ಕಂಪನಿಗಳನ್ನು ಕಟ್ಟಿದವರ ಸರಾಸರಿ ವಯಸ್ಸು ಶುರು ಮಾಡುವಾಗ 45. ಅದೇ ಕ್ಷೇತ್ರದಲ್ಲಿ ಮೊದಲೇ ಕೆಲಸ ಮಾಡಿದವರಿಗೆ ಗೆಲ್ಲುವ ಅವಕಾಶವೂ ಹೆಚ್ಚು. ಕೆಲಸ ಹುಡುಕುತ್ತಿರುವ ನಮ್ಮ ಸೀನಿಯರ್‌ಗಳಿಗೆ ಇದನ್ನು ಓದಿ ಹೇಳಬೇಕು. ಕಡಿಮೆ ಸಂಬಳದ ಮೊದಲ ಕೆಲಸದಲ್ಲಿ ಒಂದು ವಿಭಾಗದ ಬಿಲ್ಲಿಂಗ್ ಸರಿಮಾಡಿ ‘ಇವನ ಕೈಗೆ ಕೊಟ್ಟರೆ ಆಗುತ್ತದೆ’ ಎನ್ನಿಸಿಕೊಳ್ಳುವುದೂ ಮೊದಲ ಗೆಲುವೇ. ಅದು 20ಕ್ಕೆ ಬಂದರೂ ಸರಿ, 30ಕ್ಕೆ ಬಂದರೂ ಸರಿ.

ಈ ತಿಂಗಳು ನಾವು ಅಂತಿಮ ವರ್ಷದ ಪ್ರಾಜೆಕ್ಟ್ ಆರಿಸಬೇಕು. ತಂಡದ ಇಬ್ಬರಿಗೆ ಮತ್ತೊಂದು ಹ್ಯಾಕಥಾನ್ ಗೆಲ್ಲುವಂಥದ್ದು ಬೇಕು, ರೆಸ್ಯೂಮೆಗೆ ಚೆಂದ ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕಲಾರೆ, ಪ್ಲೇಸ್‌ಮೆಂಟ್ ಎಲ್ಲರಿಗೂ ಬೇಕು. ನಾನು ಮಾತ್ರ ಕಳೆದ ಭಾನುವಾರ ಗೆಳೆಯನ ಜೊತೆ ಅವನ ಊರಿನ ಮಂಡಿಗೆ ಹೋಗಿದ್ದೆ. ಸಾಹುಕಾರರು ಚಹಾ ತರಿಸಿಕೊಟ್ಟು ಕೇಳಿದ್ದು ಒಂದೇ: ‘ತೂಕದ ಯಂತ್ರದಿಂದ ಅಂಕಿ ನೇರ ಕಂಪ್ಯೂಟರಿಗೆ ಬರೋ ಹಾಗೆ ಮಾಡ್ತೀರಾ? ಬರೆದುಕೊಳ್ಳುವಾಗ ತಪ್ಪಾಗಿ ದಿನಾ ಜಗಳ.’ ಆಗುತ್ತದೆ ಎಂದು ಬಂದಿದ್ದೇನೆ. ಹೇಗೆ ಎಂದು ಇನ್ನೂ ನೋಡಬೇಕು.